ನಮ್ಮ ಜೀಪು ಫೋರ್ ವೀಲ್ ಅಲ್ಲ

ಕಳೆದ ತಿಂಗಳು ಕೊಡಗಿನ ಕಡೆಯವರೊಬ್ಬರು ನಮ್ಮ ಮನೆಗೆ ಜೀಪು ನೋಡಲು ಬಂದಿದ್ದರು. ಬಾನೆಟ್ ಎತ್ತಿದರು, ಬಗ್ಗಿ ಅಡಿಯನ್ನೂ ನೋಡಿದರು. ಮತ್ತೆ "ಇದು ಫೋರ್ ವೀಲ್ ಅಲ್ಲವಾ ಕಾಕಾ?" ಎಂದು ಕೇಳಿದರು. "ಅಲ್ಲ, ಹಿಂದಿನ ಎರಡು ಮಾತ್ರ" ಎಂದರು ಉಪ್ಪ. ನನಗೆ ಆಶ್ಚರ್ಯ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಡಬದಿಂದ ಒಳಗಿನ ನಮ್ಮ ಊರಿಗೆ ಸರ್ವಿಸ್ ಓಡಿದ ಜೀಪು ಅದು. ಜೀಪು ಅಂದರೆ ನಾಲ್ಕೂ ಚಕ್ರ ಎಳೆಯುತ್ತದೆ ಎಂದೇ ನಾನು ತಿಳಿದಿದ್ದೆ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ಎಲ್ಲಿಗೂ ನುಗ್ಗುವ ಗಾಡಿ ಬೇಕೆಂದು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳ ಗಡುವಿನಲ್ಲಿ ಮೊದಲ ಮಾದರಿ ಮಾಡಿಕೊಟ್ಟಿತು. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಪಾಪ ಬ್ಯಾಂಟಮ್! ಯುದ್ಧ ಮುಗಿಯುವಾಗ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಅದರ ಎಂಜಿನ್ ಶಕ್ತಿ 60 ಅಶ್ವಶಕ್ತಿ ಮಾತ್ರ. ಗುಟ್ಟು ಇದ್ದದ್ದು ನೆಲದ ಮೇಲಿನ ಮೂರು ಲಿವರ್‌ಗಳಲ್ಲಿ. ಒಂದು ಸಾಮಾನ್ಯ ಗೇರ್. ಇನ್ನೊಂದು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುತ್ತದೆ. ಮೂರನೆಯದು ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿ, ಚಕ್ರ ತಿರುಗಿಸುವ ಬಲವನ್ನು ಸುಮಾರು ಇಮ್ಮಡಿ ಮಾಡುತ್ತದೆ.

ಇದು ಭಾರತಕ್ಕೆ ಬಂದ ಕಥೆ ಇನ್ನೂ ಸ್ವಾರಸ್ಯ. 1945ರಲ್ಲಿ ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸಹೋದರರು ಮತ್ತು ಮಲಿಕ್ ಗುಲಾಂ ಮೊಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕೆ ಒಂದು ಕಂಪನಿ ಕಟ್ಟಿದರು. ಹೆಸರು 'ಮಹೀಂದ್ರಾ ಆ್ಯಂಡ್ ಮೊಹಮ್ಮದ್'. ದೇಶ ವಿಭಜನೆಯಾದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರಾ ಆ್ಯಂಡ್ ಮಹೀಂದ್ರಾ' ಎಂದಾಯಿತು. 'ಎಂ ಆ್ಯಂಡ್ ಎಂ' ಎಂದು ಅಚ್ಚಾದ ಕಾಗದಗಳು ದಂಡವಾಗಬಾರದೆಂದು ಹಾಗೆ ಮಾಡಿದರು ಅಂತ ಹೇಳುವುದುಂಟು. ಯುದ್ಧದ ಕಾಲದಲ್ಲಿ ಕೆ.ಸಿ. ಮಹೀಂದ್ರಾ ಸರಕಾರದ ಕೆಲಸದ ಮೇಲೆ ಅಮೆರಿಕದಲ್ಲಿದ್ದರು. ವಿಲ್ಲೀಸ್ ಜೀಪಿನ ಪರಿಚಯವಾದದ್ದು ಅಲ್ಲಿ. ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸುವುದರಿಂದ ಶುರುವಾದ ಕೆಲಸ, ಕ್ರಮೇಣ ಇಲ್ಲೇ ಪೂರ್ತಿ ತಯಾರಿಸುವ ಮಟ್ಟಕ್ಕೆ ಬಂತು. 2010ರಲ್ಲಿ ಥಾರ್ ಬಂತು. ನಮ್ಮ ಹುಡುಗರ ಸ್ಟೇಟಸ್‌ನಲ್ಲಿ ಕಾಣುವುದು 2020ರ ಹೊಸ ಥಾರ್.

ನಮ್ಮದು 1990ರ ದಶಕದ ಕಮಾಂಡರ್. ಉದ್ದದ ಬಾಡಿ, ಹಿಂದೆ ಎದುರುಬದುರು ಸೀಟು. ಸುಳ್ಯ, ಗುತ್ತಿಗಾರು, ಪಂಜ, ಕಡಬದ ಪೇಟೆಗಳಲ್ಲಿ ಸರ್ವಿಸ್‌ಗೆ ನಿಲ್ಲುತ್ತಿದ್ದ ಜೀಪುಗಳಲ್ಲಿ ಇದೇ ಹೆಚ್ಚು. ಇವುಗಳಲ್ಲಿ ಬಹಳಷ್ಟು ಟೂ ವೀಲ್, ಯಾಕೆಂದರೆ ಅದಕ್ಕೆ ಬೆಲೆ ಕಡಿಮೆ. ಹಾಗಾದರೆ ಕೆಸರಿನ ಚಡಾವು ಹತ್ತುತ್ತಿದ್ದದ್ದು ಹೇಗೆ? ಉಪ್ಪ ಎರಡು ಉತ್ತರ ಹೇಳಿದರು. ಒಂದು, ಹಿಂದಿನ ಟಯರಿಗೆ ಕಬ್ಬಿಣದ ಚೈನ್. ಎರಡು, "ಹಿಂದೆ ಜನ ಬೇಕು. ಖಾಲಿ ಜೀಪು ಚಡಾವು ಹತ್ತುವುದಿಲ್ಲ ಮೋನೇ."

ತಮಾಷೆ ಅಂದುಕೊಂಡೆ. ಫಿಸಿಕ್ಸ್ ಸರ್ ಹತ್ತಿರ ಕೇಳಿದರೆ ಅವರು ಬೋರ್ಡಿನಲ್ಲಿ ಚಿತ್ರ ಬರೆದೇ ತೋರಿಸಿದರು. ಚಕ್ರಕ್ಕೆ ಹಿಡಿತ ಸಿಗುವುದು ಘರ್ಷಣೆಯಿಂದ. ಘರ್ಷಣೆ ಹೆಚ್ಚಬೇಕಾದರೆ ಆ ಚಕ್ರದ ಮೇಲಿನ ಭಾರ ಹೆಚ್ಚಬೇಕು. ಹಿಂದೆ ಜನ ಕುಳಿತಾಗ ಎಳೆಯುವ ಚಕ್ರಗಳ ಮೇಲೆಯೇ ಭಾರ ಬೀಳುತ್ತದೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತತೊಡಗಿದರೆ ಮಾತ್ರ ಡಿಫರೆನ್ಷಿಯಲ್‌ನಿಂದಾಗಿ ಇನ್ನೊಂದು ನಿಂತೇ ಬಿಡುತ್ತದೆ. ಆಗ ಎಲ್ಲರೂ ಇಳಿದು ನೂಕಬೇಕು. ಯೂನಿಫಾರ್ಮಿಗೆಲ್ಲ ಕೆಸರು ಹಾರಿಸಿಕೊಂಡು ನಾನೂ ನೂಕಿದ್ದೇನೆ.

ನದಿಯ ಮುಂದೆ ಮಾತ್ರ ಯಾವ ಜೀಪಿನ ಆಟವೂ ನಡೆಯುತ್ತಿರಲಿಲ್ಲ. ಹೊಸ್ಮಠದ ಹಳೆಯ ಸೇತುವೆ ಮುಳುಗಿದರೆ ಆಚೆಯವರು ಆಚೆ, ಈಚೆಯವರು ಈಚೆ. ಈಗ ಎತ್ತರದ ಸೇತುವೆಯಿದೆ, ನಮ್ಮೂರಿಗೆ ಕಾಂಕ್ರೀಟ್ ರಸ್ತೆಯೂ ಬಂದಿದೆ. ಮನೆಮನೆಯಲ್ಲಿ ಬೈಕು, ಕಾರು. ನನ್ನ ಅಕ್ಕ ಪುತ್ತೂರಿನಲ್ಲಿ ಡಿಗ್ರಿ ಮುಗಿಸಿದ್ದು ಬೆಳಗ್ಗೆ ಆರೂವರೆಯ ಈ ಜೀಪಿನಿಂದ. ಈಗ ಅದೇ ಟ್ರಿಪ್ಪಿಗೆ ಮೂರು ಜನ ಸಿಕ್ಕಿದರೆ ಹೆಚ್ಚು, ಡೀಸೆಲಿನ ದುಡ್ಡೂ ಹುಟ್ಟುವುದಿಲ್ಲ. ಆ ಮೂವರಲ್ಲಿ ಒಬ್ಬರು ಡಯಾಲಿಸಿಸ್‌ಗೆ ಹೋಗುವ ಅಜ್ಜಿ. ಆಟೋದವರು ಕೇಳುವಷ್ಟು ಬಾಡಿಗೆ ಕೊಡಲು ಅವರಿಂದ ಆಗುವುದಿಲ್ಲ.

ಎಫ್‌ಸಿ ಮುಗಿಯಲು ಇನ್ನು ಎರಡು ತಿಂಗಳಿದೆ. ಕೊಡಗಿನವರು ಮೊನ್ನೆ ಪುನಃ ಫೋನ್ ಮಾಡಿದ್ದರು. ಫೋರ್ ವೀಲ್ ಅಲ್ಲದಿದ್ದರೂ ತೊಂದರೆಯಿಲ್ಲ, ರೇಟು ಸ್ವಲ್ಪ ಕಡಿಮೆ ಮಾಡಿ ಎಂದರಂತೆ. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಉಪ್ಪ ಫೋನ್ ಇಟ್ಟರು. ನಮ್ಮ ಹತ್ತಿರ ಇನ್ನೂ ಕೇಳಿಲ್ಲ.