ಡಿಎಂಡಿ ಔಷಧದ ಖರ್ಚಿಗೆ ಯಾರನ್ನು ಕೇಳಬೇಕು?

ಪ್ರಶ್ನೆ: ಅಕ್ಕನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಡಿಎಂಡಿ). ತೋಟದ ಕೂಲಿಯ ಮನೆ. ಔಷಧಕ್ಕೆ ನೆರವು ಸಿಗುತ್ತದೆಯೇ?
– ಓದುಗರೊಬ್ಬರು, ಕಳಸ

ಉತ್ತರ: ಯಾವ ಔಷಧ ಎಂಬುದರ ಮೇಲೆ ಅದು ನಿಂತಿದೆ. ಸಾಮಾನ್ಯವಾಗಿ ಮೊದಲು ಕೊಡುವುದು ಸ್ಟೀರಾಯ್ಡ್. ಅದರಲ್ಲಿ ಪ್ರೆಡ್ನಿಸೊಲೋನ್ ಅಗ್ಗದ ಮಾತ್ರೆ. ಸರ್ಕಾರಿ ಆಸ್ಪತ್ರೆ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ಕಳಸದಿಂದ ಬೆಂಗಳೂರಿಗೆ ಹೋಗಿಬರುವ ಖರ್ಚೇ ಆ ಮಾತ್ರೆಯ ಬೆಲೆಗಿಂತ ಹೆಚ್ಚಾದೀತು! ದುಡ್ಡಿಲ್ಲವೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸಬಾರದು, ಅಪಾಯ.

ಕೋಟಿಗಟ್ಟಲೆ ಬೆಲೆಯವು ಜೀನ್ ಆಧಾರಿತ ಹೊಸ ಔಷಧಗಳು. ಅವು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ, ರೋಗವನ್ನು ಪೂರ್ತಿ ವಾಸಿಮಾಡುವುದೂ ಇಲ್ಲ. ಆದ್ದರಿಂದ ಸಾಲ ಮಾಡುವ ಮುನ್ನ ಜೀನ್ ಪರೀಕ್ಷೆಯ ವರದಿ ಕೈಯಲ್ಲಿರಲಿ. ಕೇಂದ್ರದ 2021ರ ಅಪರೂಪದ ರೋಗಗಳ ನೀತಿಯ ಪಟ್ಟಿಯಲ್ಲಿ ಡಿಎಂಡಿ ಇದೆ. 2022ರಲ್ಲಿ ನೆರವಿನ ಮಿತಿ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಗೆ ಏರಿತು. ಹಣ ಮನೆಯವರ ಕೈಗೆ ಬರುವುದಿಲ್ಲ, ನಿಗದಿತ ಕೇಂದ್ರದ ಮೂಲಕ ಚಿಕಿತ್ಸೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಈ ಕೆಲಸ ನೋಡುತ್ತವೆ. ಹೆಸರು ನೋಂದಾಯಿಸಿದರೆ ಮಂಜೂರಾಯಿತು ಎಂದಲ್ಲ. ಡುಶೆನ್‌ಗೆ ಈ ದಾರಿ ಕಷ್ಟದ್ದೇ.

ಆಯುಷ್ಮಾನ್ ಕಾರ್ಡ್ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ; ತಿಂಗಳ ಮಾತ್ರೆಗೆ ಅದನ್ನು ನಂಬಿ ಕೂರಬೇಡಿ. ಔಷಧ ಬಿಟ್ಟು ಬೇರೆ ನೆರವಿಗೂ ದಾರಿಯಿದೆ: 2016ರ ಅಂಗವಿಕಲರ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಒಂದು. ಮಾಸಾಶನಕ್ಕೂ ಬಸ್ ಪಾಸಿಗೂ ಬೇಕಾಗುವುದು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಮೊದಲು ಅದನ್ನು ಮಾಡಿಸಿಕೊಳ್ಳಿ.