ಹಳೆಯ ಪಿಕಪ್ ವಾಹನಕ್ಕೆ ಈಚಿನ ಆಕ್ಸಲ್

ಎತ್ತಿನ ಬಂಡಿಯ ಅಚ್ಚು ಭಾರವನ್ನು ಹೊರುತ್ತದೆ. ಎಳೆಯುವ ಕೆಲಸ ಎತ್ತುಗಳದು. ಮೋಟಾರು ವಾಹನದ ಹಿಂದಿನ ಆಕ್ಸಲ್ ಹೊರೆಯನ್ನು ತಾಳಿಕೊಳ್ಳುವುದರೊಂದಿಗೆ ಎಂಜಿನ್ನಿನ ಶಕ್ತಿಯನ್ನೂ ಗಾಲಿಗಳಿಗೆ ಮುಟ್ಟಿಸಬೇಕು. ಆದುದರಿಂದಲೇ ಅದನ್ನು ಬದಲಾಯಿಸುವುದು ನಾಲ್ಕು ಬೋಲ್ಟು ಬಿಚ್ಚಿ ಬಿಗಿದಷ್ಟು ಸರಳವಲ್ಲ.

ಮುಂಬಯಿಗೂ ಜೀಪಿಗೂ ಹಳೆಯ ನಂಟು. ಮಹೀಂದ್ರಾ ಸಂಸ್ಥೆಯು 1940ರ ದಶಕದಲ್ಲಿ ಇಲ್ಲಿ ಜೀಪುಗಳ ಜೋಡಣೆಯನ್ನು ಆರಂಭಿಸಿತು. 1960ರ ದಶಕದಲ್ಲಿ, ಚಾಲಕನ ಆಸನ ಎಂಜಿನ್ನಿನ ಪಕ್ಕಕ್ಕೇ ಇರುವ ಎಫ್.ಸಿ. 150 ಎಂಬ ಪುಟ್ಟ ಪಿಕಪ್ಪನ್ನೂ ತಯಾರಿಸತೊಡಗಿತು. ಅಮೆರಿಕದಲ್ಲಿ ಈ ಮಾದರಿ ಮೊದಲು ಬಂದಾಗ ಎಡಬಲ ಗಾಲಿಗಳ ನಡುವಿನ ಅಂತರ 48 ಅಂಗುಲವಾಗಿತ್ತು. 1958ರಲ್ಲಿ ಅದನ್ನು 57 ಅಂಗುಲಕ್ಕೆ ಹೆಚ್ಚಿಸಲಾಯಿತು. ಎತ್ತರದ ವಾಹನಕ್ಕೆ ನಿಲುವು ಅಗಲವಾದಷ್ಟೂ ಭದ್ರ. ಆದರೆ ಆಗ ಬದಲಾದದ್ದು ಹಿಂದಿನ ಆಕ್ಸಲ್ ಮಾತ್ರವಲ್ಲ, ಮುಂದಿನದೂ ಹೌದು. ಒಂದನ್ನು ಬದಲಿಸಿದರೆ ಅದಕ್ಕೆ ಹೊಂದುವ ಉಳಿದವನ್ನೂ ನೋಡಬೇಕೆಂಬ ಪಾಠ ಇದರಲ್ಲಿದೆ.

ಈಚಿನ ಆಕ್ಸಲನ್ನು ಬಯಸಲು ಕಾರಣವುಂಟು. ಹಳೆಯ ಅನೇಕ ಜೀಪುಗಳಲ್ಲಿ ಷಾಫ್ಟಿನ ಮೊನಚಾದ ತುದಿಗೆ ಹಬ್ಬನ್ನು ಕೂರಿಸಿ, ಕೀಲು ಹಾಗೂ ನಟ್ಟಿನಿಂದ ಬಿಗಿಯುತ್ತಾರೆ. ನಟ್ಟು ಸಡಿಲಿದರೆ ಕೀಲು ಕತ್ತರಿಸಿಹೋಗಬಹುದು. ಈಚಿನವುಗಳಲ್ಲಿ ಷಾಫ್ಟು ಮತ್ತು ಅದರ ಚಪ್ಪಟೆ ತುದಿ ಒಂದೇ ತುಂಡಾಗಿರುವುದರಿಂದ ಈ ಭಯವಿಲ್ಲ.

ಮೊದಲು ನೋಡಬೇಕಾದುದು ಹಲ್ಲುಗಳ ಲೆಕ್ಕ. ಪಿನಿಯನ್ನಿಗೆ 8, ಕ್ರೌನ್ ಗಾಲಿಗೆ 43 ಹಲ್ಲುಗಳಿದ್ದರೆ ಪ್ರಮಾಣ ಸುಮಾರು 5.38, 8 ಮತ್ತು 39 ಇದ್ದರೆ 4.88. ಮೊದಲನೆಯದನ್ನು ತೆಗೆದು ಎರಡನೆಯದನ್ನು ಹಾಕಿದರೆ, ಎಂಜಿನ್ನಿನ ಅದೇ ಓಟಕ್ಕೆ ವೇಗ ಶೇಕಡಾ 10ರಷ್ಟು ಹೆಚ್ಚುತ್ತದೆ. ಎಳೆಯುವ ಬಲ ಶೇಕಡಾ 9ರಷ್ಟು ಕುಗ್ಗುತ್ತದೆ. ವೇಗಮಾಪಕ 40 ತೋರಿಸುವಾಗ ವಾಹನ 44ರಲ್ಲಿ ಓಡುತ್ತಿರುತ್ತದೆ. ಮುಲುಂಡಿನ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕಾಣದು. ಊರಿನ ದಾರಿ ಹಿಡಿದು ಖಂಡಾಲಾ ಘಾಟಿಯನ್ನು ಏರುವಾಗ ತಿಳಿಯುತ್ತದೆ. ನಾಲ್ಕು ಗಾಲಿಗಳಿಗೂ ಚಾಲನೆಯಿರುವ ವಾಹನದಲ್ಲಿ ಮುಂದಿನ ಮತ್ತು ಹಿಂದಿನ ಪ್ರಮಾಣಗಳು ಒಂದೇ ಆಗಿರಲೇಬೇಕು. ಇಲ್ಲವಾದರೆ ಗಟ್ಟಿನೆಲದಲ್ಲಿ ಅವು ಪರಸ್ಪರ ಸೆಣಸಿ ಹಲ್ಲುಗಳನ್ನು ಮುರಿಯುತ್ತವೆ.

ಎರಡನೆಯದು ಕೂಡಿಸುವ ರೀತಿ. ಸ್ಪ್ರಿಂಗುಗಳು ಕೂರುವ ಪೀಠಗಳ ಅಂತರ ಹೊಂದದಿದ್ದರೆ ಅವನ್ನು ಕತ್ತರಿಸಿ ಮತ್ತೆ ಬೆಸೆಯಬೇಕಾಗುತ್ತದೆ. ಪಿನಿಯನ್ನಿನ ಓರೆ ತಪ್ಪಿದರೆ ಪ್ರೊಪೆಲ್ಲರ್ ಷಾಫ್ಟು ನಡುಗಿ ಜಾಯಿಂಟುಗಳು ಸವೆಯುತ್ತವೆ. ವಾಹನದ ಪೂರ್ಣ ಭಾರ ನೆಲಕ್ಕಿಳಿದ ಮೇಲೆಯೇ ಓರೆಯನ್ನು ಅಳೆಯಬೇಕು. ಬೆಸುಗೆಯ ಬಿಸಿಗೆ ಕೊಳವೆ ಬಾಗದಂತೆ ತುಸುತುಸುವೇ ಬೆಸೆಯಬೇಕು. ಹೊಸ ಆಕ್ಸಲಿನ ಬ್ರೇಕು ಬಲವಾಗಿದ್ದಷ್ಟೂ ಒಳ್ಳೆಯದೆಂದು ತಿಳಿಯುವುದೂ ತಪ್ಪು. ಮಳೆಗಾಲದ ರಸ್ತೆಯಲ್ಲಿ ಹಿಂದಿನ ಗಾಲಿಗಳು ಮೊದಲು ಬಿಗಿದುಕೊಂಡರೆ ವಾಹನ ಅಡ್ಡ ತಿರುಗುತ್ತದೆ.

ಇನ್ನು ಕೆಲಸ ಮಾಡುವವರ ಕ್ಷೇಮ. ಹಳೆಯ ಅನೇಕ ಜೀಪುಗಳ ಕೈಬ್ರೇಕು ಗಾಲಿಯನ್ನು ನೇರವಾಗಿ ಹಿಡಿಯದೆ ಪ್ರೊಪೆಲ್ಲರ್ ಷಾಫ್ಟಿನ ಬುಡವನ್ನು ಹಿಡಿಯುತ್ತದೆ. ಷಾಫ್ಟು ಬಿಚ್ಚಿದೊಡನೆ ಅದು ಹಿಂದಿನ ಗಾಲಿಗಳನ್ನು ತಡೆಯಲಾರದು. ಆದಕಾರಣ ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಡಬೇಕು. ಚೌಕಟ್ಟನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ, ಬರಿಯ ಜಾಕನ್ನು ನಂಬಿ ಯಾರೂ ಅಡಿಗೆ ನುಸುಳಬಾರದು. ಹಳೆಯ ಬ್ರೇಕಿನ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು; ರೋಗ ತಲೆದೋರಲು ಹಲವು ದಶಕಗಳೇ ಹಿಡಿಯುತ್ತವೆ. ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೊನೆಯದಾಗಿ ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿದಿದೆ. 50 ವರ್ಷ ಮೀರಿದ ಖಾಸಗಿ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಮೂಲರೂಪವನ್ನೇ ಬಯಸುತ್ತದೆ. ಆದ್ದರಿಂದ ಕೆಲಸಕ್ಕೆ ಮುನ್ನವೇ ವಡಾಲಾದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ತೆಗೆದ ಆಕ್ಸಲನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಜೋಪಾನವಾಗಿಡುವುದು ಜಾಣತನ.

ಅಳೆಯುವುದಕ್ಕೆ ಒಂದು ದಿನ ಹೆಚ್ಚು ವ್ಯಯವಾದರೆ ನಷ್ಟವೇನಿಲ್ಲ. ಘಾಟಿಯ ತಿರುವಿನಲ್ಲಿ ವಾಹನದೊಳಗಿರುವವರ ಪ್ರಾಣ ಆ ಅಳತೆಯನ್ನೇ ನಂಬಿರುತ್ತದೆ.