ನಿಮಗಿದು ಗೊತ್ತೇ? ಆಗುಂಬೆ ಮಳೆಯ ಬಯಲು ಪಾಠಶಾಲೆ

ನಾರ್ವೆಯವರ ಬಾಯಲ್ಲಿ ಒಂದು ಮಾತು ಸದಾ ಓಡಾಡುತ್ತಿರುತ್ತದೆ. ಕೆಟ್ಟ ಹವೆ ಅನ್ನುವುದೇ ಇಲ್ಲವಂತೆ, ಇರುವುದು ಕೆಟ್ಟ ಬಟ್ಟೆ ಮಾತ್ರವಂತೆ! ಆ ದೇಶದಲ್ಲಿ ಮಳೆಗೆ ಹೆಸರಾದ ಊರು ಬರ್ಗೆನ್. ಅಲ್ಲಿ ವರ್ಷಕ್ಕೆ ಸುಮಾರು 2,250 ಮಿಲಿಮೀಟರ್ ಮಳೆ. ನಮ್ಮ ಮಲೆನಾಡಿನ ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಸುರಿದದ್ದೆಷ್ಟು ಹೇಳಿ ನೋಡೋಣ? 4,508 ಮಿಲಿಮೀಟರ್! ಬರ್ಗೆನ್ನಿನ ಎರಡು ವರ್ಷದ ಮಳೆ ಇಲ್ಲಿ ಒಂದೇ ತಿಂಗಳಿಗೆ!

ಹಾಗಾದರೆ ಒಳ್ಳೆಯ ಬಟ್ಟೆ ಯಾವುದು? ಮಲೆನಾಡಿನವರನ್ನು ಕೇಳಿ. ಗೊರಬು! ಬಿದಿರ ಹೆಣಿಗೆಯ ನಡುವೆ ಎಲೆ ಹೊದಿಸಿ ಮಾಡಿದ ಬೆನ್ನಿನ ಚಾವಣಿ ಅದು. ತಲೆಗೆ ಸಿಕ್ಕಿಸಿಕೊಂಡು ಗದ್ದೆಯಲ್ಲಿ ಬಗ್ಗಿ ನಿಂತರೆ ನೀರು ಬೆನ್ನಿನ ಮೇಲಿಂದ ಜಾರಿ ಹೋಗುತ್ತದೆ. ಎರಡೂ ಕೈ ನಾಟಿಗೆ ಬಿಡುವು. ಕೊಡೆಗೆ ಈ ಜಾಣ್ಮೆ ಎಲ್ಲಿಂದ ಬರಬೇಕು!

ಬಯಲಲ್ಲೇ ಬದುಕಿ, ಬಯಲಿಂದಲೇ ಕಲಿಯುವುದಕ್ಕೆ ನಾರ್ವೆಯವರು ಇಟ್ಟ ಹೆಸರು ‘ಫ್ರಿಲುಫ್ಟ್ಸ್‌ಲಿವ್’. ಬಿಡುಗಾಳಿಯ ಬದುಕು ಅಂತ ಅರ್ಥ. ಈ ಪದಕ್ಕೆ ಹೆಸರು ತಂದುಕೊಟ್ಟವರು ಯಾರು ಗೊತ್ತೇ? ನಾಟಕಕಾರ ಇಬ್ಸೆನ್! 1859ರಲ್ಲಿ, ಒಂದು ಪದ್ಯದಲ್ಲಿ.

ಅಲ್ಲಿ 1957ರಿಂದ ಇದಕ್ಕೆಂದೇ ಕಾನೂನಿದೆ. ಸಾಗುವಳಿ ಮಾಡದ ನೆಲ ಯಾರದ್ದೇ ಇರಲಿ, ನೀವು ನಡೆದು ಹೋಗಬಹುದು. ಮನೆಗಳಿಂದ 150 ಮೀಟರ್ ದೂರದಲ್ಲಿ ಡೇರೆ ಹಾಕಿ ಮಲಗಲೂಬಹುದು! ಆಗುಂಬೆಯ ಕಾಡಿಗೆ ಮಾತ್ರ ಹಾಗೆ ನುಗ್ಗಬೇಡಿ. ಪಕ್ಕದ್ದು ಸೋಮೇಶ್ವರ ಅಭಯಾರಣ್ಯ. ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ನಾರ್ವೆಯ ಬೆಟ್ಟಗಳಲ್ಲಿ ಕಾವಲುಗಾರರೇ ಇಲ್ಲದ ಗುಡಿಸಲುಗಳಿವೆ. ಚಾರಣಿಗರು ತಾವೇ ಬೀಗ ತೆಗೆದು, ಒಲೆ ಹೊತ್ತಿಸಿ, ಉಂಡು ಮಲಗಿ, ದುಡ್ಡಿನ ಲೆಕ್ಕವನ್ನೂ ತಾವೇ ಬರೆದಿಡುತ್ತಾರೆ! ಅಬ್ಬಾ ಅಂದಿರಾ? ಆಗುಂಬೆಯ ದೊಡ್ಡಮನೆಗೆ ಬನ್ನಿ. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಹುಡುಗ ಸ್ವಾಮಿಯ ಮನೆಯಾದ ಅದೇ ದೊಡ್ಡಮನೆ. ಬಂದವರಿಗೆ ಊಟ, ವಸತಿ. ಇಷ್ಟೇ ಕೊಡಿ ಅಂತ ಕೇಳುವ ಪದ್ಧತಿ ಅಲ್ಲಿಲ್ಲ. ನಿಮಗೆ ತೋಚಿದಷ್ಟು ಕೊಟ್ಟರಾಯಿತು!

ಬಯಲು ಬದುಕಿನ ದೊಡ್ಡ ಮೇಷ್ಟ್ರು ನಿಲ್ಸ್ ಫಾರ್ಲುಂಡ್. 1967ರಲ್ಲಿ ನಾರ್ವೆಯಲ್ಲಿ ಬೆಟ್ಟದ ಶಾಲೆಯನ್ನೇ ತೆರೆದವರು. 1971ರಲ್ಲಿ ಇವರು, ತತ್ವಜ್ಞಾನಿ ಆರ್ನೆ ನೆಸ್ ಮತ್ತು ಗೆಳೆಯರು ಹಿಮಾಲಯದ ಒಂದು ಪರ್ವತಕ್ಕೆ ಹೊರಟರು. ತುದಿ ಮುಟ್ಟಲಿಕ್ಕಲ್ಲ, ಮುಟ್ಟದೇ ಬರಲಿಕ್ಕೆ! ಕೆಳಗಿನ ಊರಿನ ಶೆರ್ಪಾಗಳಿಗೆ ಆ ಪರ್ವತ ದೇವರು. ದೇವರ ತಲೆ ಮೇಲೆ ಕಾಲಿಡುವುದುಂಟೇ ಅಂತ ಇವರು ಶಿಖರದ ಆಸೆಯನ್ನೇ ಬಿಟ್ಟರು. ಆ ಪರ್ವತದ ಹೆಸರು ಗೌರೀಶಂಕರ!

ಈಗ ಇದನ್ನು ಕೇಳಿ. ಆಗುಂಬೆ ಸೀಮೆಯಲ್ಲಿ ಕಾಳಿಂಗ ಸರ್ಪದ ಪಾಠ ಹೇಳುವ ವಿಜ್ಞಾನಿಯ ಹೆಸರೂ ಗೌರಿಶಂಕರ್! ಪಿ. ಗೌರಿಶಂಕರ್. ಅವರು ಕಟ್ಟಿದ ಕಾಳಿಂಗ ಮಳೆಕಾಡು ಕೇಂದ್ರಕ್ಕೆ ಪಟ್ಟಣದ ಜನ ಬರುತ್ತಾರೆ. ಕಾಡಿನಲ್ಲಿ ನಡೆಯುವುದನ್ನು, ಹಾವನ್ನು ಕಂಡರೆ ಹೆದರದೆ ನೋಡುವುದನ್ನು ಕಲಿತು ಹೋಗುತ್ತಾರೆ.

ಕಾಳಿಂಗ ಸರ್ಪ ಒಂದೇ ಬಗೆ ಅಂತ ಲೋಕವೆಲ್ಲ ನಂಬಿತ್ತು. 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ಅದು ನಾಲ್ಕು ಬಗೆ ಅಂತ ತೋರಿಸಿಕೊಟ್ಟರು. ಪಶ್ಚಿಮಘಟ್ಟದ ನಮ್ಮ ಹಾವಿಗೆ ಸಿಕ್ಕ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ಹೌದು, ನಮ್ಮ ಕನ್ನಡದ ಕಾಳಿಂಗವೇ! ಜಗತ್ತಿನ ಯಾವ ಮೂಲೆಯ ವಿಜ್ಞಾನಿಯಾದರೂ ಇನ್ನು ಕನ್ನಡ ನುಡಿಯಲೇಬೇಕು.

ಆಗುಂಬೆಗೆ ಮಳೆಕಾಡು ಸಂಶೋಧನಾ ಕೇಂದ್ರ ಬಂದದ್ದು 2005ರಲ್ಲಿ. ಕಟ್ಟಿದವರು ನ್ಯೂಯಾರ್ಕಿನಲ್ಲಿ ಹುಟ್ಟಿ ಭಾರತದವರೇ ಆಗಿಹೋದ ರೋಮುಲಸ್ ವಿಟೇಕರ್. 2008ರಲ್ಲಿ ಅಲ್ಲಿ ಕಾಳಿಂಗಗಳ ಮೈಯೊಳಗೆ ಪುಟ್ಟ ರೇಡಿಯೊ ಇಟ್ಟು ಕಾಡಿಗೆ ಬಿಟ್ಟರು. ಆಮೇಲೆ? ಹಾವು ಮುಂದೆ, ಕೇಂದ್ರದ ಹುಡುಗರು ಹಿಂದೆ! ಕೈಯಲ್ಲಿ ಆಂಟೆನಾ, ಕಿವಿಯಲ್ಲಿ ಬೀಪ್ ಬೀಪ್. ಹಾವು ಹಳ್ಳ ದಾಟಿದರೆ ಇವರೂ ದಾಟಬೇಕು. ಅದು ಮಲಗಿದರೆ ಇವರು ಸದ್ದಿಲ್ಲದೆ ಕೂತು ಪುಸ್ತಕದಲ್ಲಿ ಗೀಚಬೇಕು. ಇಂಥ ಮೇಷ್ಟ್ರು ಯಾವ ಕಾಲೇಜಿನಲ್ಲಿ ಸಿಗುತ್ತಾರೆ!

ಹಾಗೆ ಕೂತಾಗ ಸುಮ್ಮನೆ ಕಾಲು ನೋಡಿಕೊಳ್ಳಿ. ಬೆರಳ ಸಂದಿಯಲ್ಲಿ ನೂಲೆಳೆಯಷ್ಟು ತೆಳ್ಳಗೆ ಏನೋ ಅಂಟಿರುತ್ತದೆ. ಇಂಬಳ! ಸ್ವಲ್ಪ ಹೊತ್ತಿಗೆಲ್ಲ ಅದು ದ್ರಾಕ್ಷಿಯ ಹಾಗೆ ಉಬ್ಬಿರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಬಿಟ್ಟ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ. ಇಲ್ಲಿನ ಅಜ್ಜಿಯಂದಿರ ಮದ್ದು ಎಲೆಯಡಿಕೆ ತಟ್ಟೆಯಲ್ಲೇ ಇದೆ. ಬೆರಳ ತುದಿಯಲ್ಲಿ ಒಂಚೂರು ಸುಣ್ಣ ಮುಟ್ಟಿಸಿದರೆ ಸಾಕು, ಪಟಕ್ಕನೆ ಉದುರುತ್ತದೆ! ಶಾಲೆಗೆ ಕಾಲುಸಂಕ ದಾಟಿ ಹೋಗುವ ಮಕ್ಕಳಿಗೆ ಇದು ಅಕ್ಷರಕ್ಕಿಂತ ಮೊದಲೇ ಬರುವ ವಿದ್ಯೆ.



ಕೊನೆಗೊಂದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಗೂಡು ಕಟ್ಟುವ ಹಾವು ಅಂದರೆ ಕಾಳಿಂಗವೇ. ಕೈಯಿಲ್ಲ, ಕಾಲಿಲ್ಲ. ಮೈಯನ್ನೇ ಸುರುಳಿ ಮಾಡಿ ತರಗೆಲೆಗಳನ್ನು ಎಳೆದೆಳೆದು ಗುಡ್ಡೆ ಹಾಕುತ್ತದೆ. ಒತ್ತಿ ಒತ್ತಿ ಜೋಡಿಸಿದ ಎಲೆಯ ಪದರಗಳು ಆಗುಂಬೆಯ ಮಳೆಯನ್ನೂ ತಡೆದು ಮೊಟ್ಟೆಗಳನ್ನು ಕಾಪಾಡುತ್ತವೆ. ಗೊರಬಿನ ಹಾಗೇ! ತಾಯಿ ವಾರಗಟ್ಟಲೆ ಕಾವಲು ಕೂರುತ್ತದೆ. ಮರಿಗಳು ಹೊರಬರುವ ಸ್ವಲ್ಪ ಮುಂಚೆ ಎದ್ದು ಹೊರಟುಹೋಗುತ್ತದೆ. ಒಂದೂವರೆ ಅಡಿಯ ಮರಿಗಳು ಮೊಟ್ಟೆ ಸೀಳಿ ತಲೆಯೆತ್ತುವಾಗ ಹೊರಗೆ ಜೋರು ಮಳೆ. ಕಲಿಸುವವರು ಯಾರೂ ಇಲ್ಲ. ಒಂದೊಂದಾಗಿ ಎಲೆಯಡಿಯಿಂದ ಜಾರಿ, ತಂತಮ್ಮ ದಾರಿ ಹಿಡಿದು ಕಾಡು ಸೇರಿಬಿಡುತ್ತವೆ!